ಬಗ್ ಎಣಿಸುವುದು ಬಿಟ್ಟ ಮೇಲೆ ಸಿಕ್ಕ ಲೆಕ್ಕ

ಬಗ್‌ಗಳನ್ನು, ಅಂದರೆ ಸಾಫ್ಟ್‌ವೇರ್‌ನ ತಪ್ಪುಗಳನ್ನು, ಬರೀ ಎಣಿಸದೆ ಬಗೆ ಬಗೆಯಾಗಿ ವಿಂಗಡಿಸೋಣ ಎಂದು ನಾನು ಹೇಳಿದಾಗ "ಸುಮ್ನೆ ಫಾರಂ ತುಂಬಿಸೋ ಕೆಲಸ ಇದು, ಏನೂ ಆಗಲ್ಲ" ಎಂದು ನಮ್ಮ ಡೆವಲಪ್‌ಮೆಂಟ್ ಮ್ಯಾನೇಜರ್ ಮೀಟಿಂಗ್‌ನಲ್ಲೇ ಹೇಳಿದ್ದರು. ಈಗ ಪ್ರತಿ ರಿಲೀಸ್‌ಗೆ ಮುಂಚೆ ಅವರೇ ಬಂದು ನನ್ನ ಚಾರ್ಟ್ ಕೇಳುತ್ತಾರೆ.

ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಮೊದಲು ಎಲ್ಲರ ಹಾಗೆ ನಾನೂ ಬಗ್ ಎಣಿಸುತ್ತಿದ್ದೆ. ಜಾಸ್ತಿ ಹಿಡಿದವರಿಗೆ ಹೆಸರು ಬರುತ್ತದೆ ಅಂದರೆ ಏನಾಗುತ್ತದೆ ಗೊತ್ತಲ್ವಾ? ಸ್ಪೆಲ್ಲಿಂಗ್ ತಪ್ಪುಗಳದ್ದೇ ರಾಶಿ. ಗ್ರಾಹಕರಿಂದ ಬರುವ ಬಗ್ ಮಾತ್ರ ಕಡಿಮೆ ಆಗಲಿಲ್ಲ. ಒಂದು ತಿಂಗಳ ಕೊನೆಯಲ್ಲಿ ಇನ್‌ವಾಯ್ಸ್ ಎರಡೆರಡು ಸಲ ಹೋಯಿತು. ಗ್ರಾಹಕರಿಗೆ ಬಿಟ್ಟುಕೊಟ್ಟದ್ದು, ರಾತ್ರಿ ಕೆಲಸ ಎಲ್ಲಾ ಸೇರಿ ಹತ್ತಿರ ಹತ್ತಿರ 8 ಲಕ್ಷ ಹೋಯಿತು.

ಆಗ ODC (ಆರ್ಥೋಗೋನಲ್ ಡಿಫೆಕ್ಟ್ ಕ್ಲಾಸಿಫಿಕೇಶನ್) ಹಿಡಿದೆ. ಬಗ್ ಎಷ್ಟು ಎನ್ನುವುದು ಬಿಟ್ಟು ಯಾವ ಬಗೆಯದು ಎಂದು ವಿಂಗಡಿಸುವ, ಐಬಿಎಂನವರು 1992ರಲ್ಲಿ ಬರೆದ ವಿಧಾನ ಇದು. ಆಸೆಗೆ ಬಿದ್ದು, ನಾವು ಬಗ್ ದಾಖಲಿಸುವ ಜಿರಾ ಎಂಬ ಟೂಲ್‌ನಲ್ಲಿ 11 ಫೀಲ್ಡ್ ಹಾಕಿದೆ. ಮೂರು ತಿಂಗಳಲ್ಲಿ ಮುಕ್ಕಾಲು ಪಾಲು ಬಗ್ 'ಇತರೆ'ಯಲ್ಲಿ ಕೂತಿದ್ದವು. ಎಲ್ಲಾ ಕಿತ್ತು ಎರಡೇ ಉಳಿಸಿದೆ. ಬಗ್ ಸಿಕ್ಕಿದ್ದು ಏನು ಮಾಡುವಾಗ ಎಂದು ಟೆಸ್ಟರ್ ಬರೆಯಬೇಕು. ಕೋಡ್‌ನಲ್ಲಿ ಏನು ಬದಲಾಯಿತು ಎಂದು ಸರಿ ಮಾಡಿದವರು ಬರೆಯಬೇಕು, ಬಗ್ ಮುಚ್ಚುವಾಗಲೇ. ಮಾರನೇ ದಿನ ಕೇಳಿದರೆ ಬಾಯಿಗೆ ಬಂದದ್ದು ಬರೆಯುತ್ತಾರೆ. 'ಇತರೆ' ತೆಗೆದೇ ಹಾಕಿದೆ. ಹೊಸ ಟೂಲ್‌ಗೆ ಒಂದು ರೂಪಾಯಿ ಹಾಕಲಿಲ್ಲ. ಡೆವಲಪರ್‌ಗಳು ಬೈದುಕೊಳ್ಳದೆ ತುಂಬುವ ಹಾಗೆ ಹೇಗೆ ಮಾಡಿದೆ ಎನ್ನುವುದು ನನ್ನ ಹತ್ತಿರವೇ ಇರಲಿ.

ಸುಮಾರು 400 ಬಗ್ ಆದ ಮೇಲೆ ವಿಷಯ ಬಯಲಾಯಿತು. ಗ್ರಾಹಕರಿಂದ ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಎರಡು ಕೆಲಸ ಒಟ್ಟಿಗೆ ನಡೆಯುವಾಗ ಎದ್ದವು. ರಾತ್ರಿ ಬ್ಯಾಚ್ (ತಾನಾಗಿಯೇ ಒಟ್ಟಿಗೆ ನಡೆಯುವ ಕೆಲಸ) ಓಡುತ್ತಿರುವಾಗ ಇನ್ಯಾರೋ ಕೈಯಲ್ಲಿ ಇನ್‌ವಾಯ್ಸ್ ಹಾಕುವುದು, ಇಂಥವು. ನಾವು ಟೆಸ್ಟ್ ಮಾಡುತ್ತಿದ್ದದ್ದು ಒಂದೊಂದೇ ಸ್ಕ್ರೀನ್! ಆ ಜಾಗಕ್ಕೇ ಮೂವತ್ತು ಟೆಸ್ಟ್ ಬರೆಸಿದೆ. ರಿಲೀಸ್‌ಗೆ 40ರ ಆಸುಪಾಸು ಬರುತ್ತಿದ್ದ ದೂರು ಒಂದು ವರ್ಷದಲ್ಲಿ 12ಕ್ಕೆ ಇಳಿಯಿತು.

ಮಧ್ಯೆ, ಒಳಗೆ ಇನ್ನೆಷ್ಟು ಬಗ್ ಉಳಿದಿವೆ ಎಂದು ಅಂದಾಜು ಮಾಡಲು ಇನ್ನೊಂದು ಪ್ರಯೋಗ ಮಾಡಿದೆ. ಕೆರೆಯ ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಎಣಿಸುತ್ತಾರಲ್ಲ, ಆ ಲೆಕ್ಕ. ಒಂದೇ ಮಾಡ್ಯೂಲನ್ನು (ಸಾಫ್ಟ್‌ವೇರ್‌ನ ಒಂದು ಭಾಗ) ಇಬ್ಬರು ಟೆಸ್ಟರ್‌ಗಳಿಗೆ ಪ್ರತ್ಯೇಕವಾಗಿ ಟೆಸ್ಟ್ ಮಾಡಲು ಕೊಟ್ಟೆ. ಒಬ್ಬರಿಗೆ 24 ಸಿಕ್ಕವು, ಇನ್ನೊಬ್ಬರಿಗೆ 18, ಇಬ್ಬರಿಗೂ ಸಿಕ್ಕಿದ್ದು 12. 24ನ್ನು 18ರಿಂದ ಗುಣಿಸಿ 12ರಿಂದ ಭಾಗಿಸಿದರೆ 36, ಅದು ಒಟ್ಟು ಬಗ್‌ಗಳ ಅಂದಾಜು. ಇಬ್ಬರದೂ ಸೇರಿ ಕೈಯಲ್ಲಿದ್ದದ್ದು 30, ಅಂದರೆ ಇನ್ನೂ 6 ಒಳಗಿವೆ. ರಿಲೀಸ್ ಆದ ಮೇಲೆ 5 ಬಂದವು. ನನಗಂತೂ ಅವತ್ತು ಹಬ್ಬ. ಮುಂದಿನ ಸಲ ಇಬ್ಬರೂ ಊಟದ ಹೊತ್ತಲ್ಲಿ ಮಾತಾಡಿಕೊಂಡರು. ಇಬ್ಬರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಯಿತು, ಬಗ್ ಏನೂ ಉಳಿದಿಲ್ಲ ಎಂದು ಲೆಕ್ಕ ತೋರಿಸಿತು. ಅದನ್ನು ನಂಬಲಿಲ್ಲ. ಈಗ ಇಬ್ಬರನ್ನೂ ಬೇರೆ ಬೇರೆ ಮಹಡಿಯಲ್ಲಿ ಕೂರಿಸುತ್ತೇನೆ.