ಒಂಬತ್ತನೇ ತಾರೀಖಿನ ಹಲ್ಲಿನ ಕುರ್ಚಿ

"ಬಸುರಿ ಹೆಂಗಸರು ಹಲ್ಲು ತೋರಿಸೋಕೆ ಬರಲ್ಲ, ಸುಮ್ನೆ ದುಡ್ಡು ಕಳ್ಕೋತೀರ." ಹೀಗೆ ಹೇಳಿದವರಲ್ಲಿ ಜಾಸ್ತಿ ಜನ ನಮ್ಮ ಹಲ್ಲಿನ ಡಾಕ್ಟರುಗಳೇ. ಹೋದ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಧ್ಯಾಹ್ನದೊಳಗೆ 11 ಗರ್ಭಿಣಿಯರ ಹಲ್ಲಿನ ಕೆಲಸ ಮುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕ್ಲಿನಿಕ್ ಇರೋದು ಪಾವಗಡ ಸೀಮೆಯಲ್ಲಿ. ಫ್ಲೋರೈಡ್ ಜಾಸ್ತಿ ಇರೋ ನೀರು, ಹಲ್ಲಿಗೆ ಕಲೆ ಹಿಡಿಯುತ್ತೆ. ಕೆಲವು ಹಳ್ಳಿಗಳವರು ನಕ್ಕರೆ ಸಾಕು, ಯಾವ ಬೋರ್‌ವೆಲ್ ನೀರು ಅಂತ ಹೇಳಬಹುದು. ಮೊದಲು ಆಶಾ ಕಾರ್ಯಕರ್ತೆಯರ ಕೈಲಿ ಗರ್ಭಿಣಿಯರಿಗೆ ಫ್ರೀ ಕೂಪನ್ ಕೊಟ್ಟು ಕಳಿಸಿದೆ. ಸುಮಾರು 50 ಕೂಪನ್ ಹಂಚಿದ್ದಕ್ಕೆ ಬಂದವರು ಮೂವರು. ಚಿಕಿತ್ಸೆ ಫ್ರೀ ಆದರೂ ಒಂದು ದಿನದ ಕೂಲಿ ಹೋಗುತ್ತೆ, ಜೊತೆಗೆ ಒಬ್ಬರನ್ನು ಕರ್ಕೊಂಡು ಬರಬೇಕು, ಅವರ ಕೂಲಿಯೂ ಹೋಗುತ್ತೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಶಾಮಿಯಾನ ಹಾಕಿಸಿ ಕ್ಯಾಂಪ್ ಮಾಡಿದೆ. ಹನ್ನೆರಡು ಸಾವಿರ ಖರ್ಚು. 80 ಬಾಯಿ ನೋಡಿ, ಪೇಸ್ಟ್ ಕೊಟ್ಟು, ಫೋಟೋ ತೆಗೆಸಿಕೊಂಡೆ. ಒಂದು ಹುಳುಕೂ ತುಂಬಲಿಲ್ಲ. ಈಗಲೂ ಆ ಫೋಟೋ ಕಂಡರೆ ನಾಚಿಕೆ.

2016ರಿಂದ ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತಲ್ಲ, ಅವತ್ತು ಹೇಗೂ ಬರುತ್ತಾರೆ. ಹಾಗಾಗಿ ಹಳೇ ಮಡಚೋ ಕುರ್ಚಿಯೊಂದನ್ನು ಹದಿನೆಂಟು ಸಾವಿರಕ್ಕೆ ತಗೊಂಡು ಅಲ್ಲಿಗೇ ಹೋದೆ. ಅಲ್ಲೂ ಎಡವಿದೆ. ಕುರ್ಚಿ ಹಾಕಿದ್ದು ವರಾಂಡದ ಕೊನೆಯಲ್ಲಿ, ಔಷಧಿ ಕೌಂಟರ್ ಆದಮೇಲೆ. ಅಷ್ಟೊತ್ತಿಗೆ ಎಲ್ಲರ ಕಣ್ಣು ಒಂದು ಗಂಟೆ ಬಸ್ಸಿನ ಮೇಲೆ. ಮೂರು ತಿಂಗಳು ನೊಣ ಹೊಡೆದೆ. ಆಮೇಲೆ ಕುರ್ಚಿಯನ್ನು ತೂಕದ ಮಿಷನ್ ಪಕ್ಕಕ್ಕೆ ತಂದೆ. ತೂಕ, ಬಿಪಿ ಆಗಿ ದೊಡ್ಡ ಡಾಕ್ಟರನ್ನು ಕಾಯೋ ಒಂದೂವರೆ ಗಂಟೆ ನನ್ನದಾಯಿತು. ಹತ್ತು ಮಾರು ದೂರ, ಅಷ್ಟೇ ವ್ಯತ್ಯಾಸ.

ಹೆರಿಗೆ ಡಾಕ್ಟರ ಒಪ್ಪಿಗೆ ಇನ್ನೊಂದು ತಲೆನೋವಾಗಿತ್ತು. ಪ್ರತಿಯೊಬ್ಬರಿಗೂ ಚೀಟಿ ಬರೆಯೋಕೆ ಅವರಿಗೆಲ್ಲಿ ಪುರುಸೊತ್ತು? ವಸಡು ಕ್ಲೀನ್ ಮಾಡಿದರೆ ದಿನ ತುಂಬದ ಹೆರಿಗೆ ತಪ್ಪುತ್ತೆ ಅಂತ ನಾನು ಯಾರಿಗೂ ಹೇಳಲ್ಲ. 2006ರಲ್ಲಿ ಅಮೆರಿಕದಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಆದರೆ ಚಿಕಿತ್ಸೆಯಿಂದ ತಾಯಿಗೂ ಕೂಸಿಗೂ ತೊಂದರೆಯೂ ಆಗಿರಲಿಲ್ಲ. ನನಗೆ ಬೇಕಾಗಿದ್ದು ಅದೇ. ಅದನ್ನು ಹೆರಿಗೆ ಡಾಕ್ಟರಿಗೆ ತೋರಿಸಿ 150 ರೂಪಾಯಿಗೆ ಒಂದು ರಬ್ಬರ್ ಸೀಲ್ ಮಾಡಿಸಿದೆ: "ಹಲ್ಲಿನ ಚಿಕಿತ್ಸೆ ಮಾಡಬಹುದು." ತಾಯಿ ಕಾರ್ಡಿನ ಮೇಲೆ ಸೀಲ್, ಕೆಳಗೆ ಡಾಕ್ಟರ ಸಹಿ. ಇದರ ನಿಜವಾದ ಉಪಯೋಗ ಗೊತ್ತಾಗಿದ್ದು ಆಮೇಲೆ. "ಬಸುರಿ ಹಲ್ಲು ಮುಟ್ಟಿಸ್ಬಾರ್ದು ಕಣಮ್ಮ, ಕೂಸಿಗೆ ಆಗಲ್ಲ" ಅಂತಿದ್ದ ಅತ್ತೆಯೊಬ್ಬರು ಆ ನೀಲಿ ಸೀಲನ್ನು ಬೆರಳಿಂದ ಒಂದ್ಸಲ ಉಜ್ಜಿ ನೋಡಿ, "ಸರ್ಕಾರದ್ದೇನಾ?" ಅಂದರು. ಸೊಸೆ ಕೂತಳು. ಸೀಲಿಗೂ ಬಗ್ಗದ ಅತ್ತೆಯರಿಗೆ ನನ್ನ ಹತ್ರ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯಲ್ಲ.

ಕೆಲಸದ ಬಗ್ಗೆ ನಿಮಗೆ ಗೊತ್ತಿರೋದೇ. ನಾಲ್ಕರಿಂದ ಆರು ತಿಂಗಳವರಿಗೆ ಮೊದಲ ಸರದಿ. ಕೀವು ತುಂಬಿ ಕೆನ್ನೆ ಊದಿದ್ದರೆ ತಿಂಗಳು ನೋಡಲ್ಲ. ಡ್ರಿಲ್ ಇಲ್ಲ, ಕರೆಂಟ್ ನಂಬೋ ಹಾಗಿಲ್ಲ. ಹುಳುಕನ್ನು ಕೈಯಲ್ಲೇ ಕೆರೆದು ಗ್ಲಾಸ್ ಅಯನೋಮರ್ (ಹಲ್ಲಿಗೆ ಅಂಟೋ ಸಿಮೆಂಟ್) ತುಂಬುತ್ತೇನೆ. ಹೊಟ್ಟೆ ದೊಡ್ಡದಾದವರಿಗೆ, ಭಾರ ಎಡಕ್ಕೆ ವಾಲಲಿ ಅಂತ, ಬಲ ಸೊಂಟದ ಕೆಳಗೆ ಮಡಚಿದ ಹಳೇ ಸೀರೆ. ದಿಂಬು ಜಾರುತ್ತೆ, ಸೀರೆ ಜಾರಲ್ಲ. ಒಮ್ಮೆ ಒಬ್ಬಳು ಕುರ್ಚಿಯಲ್ಲೇ ತಲೆ ಸುತ್ತಿ ಬಿದ್ದಳು. ನನ್ನ ಜೀವ ಬಾಯಿಗೆ ಬಂತು. ನೋಡಿದರೆ, ರಕ್ತ ತೆಗೀತಾರೆ ಅಂತ ಬೆಳಗ್ಗಿಂದ ಖಾಲಿ ಹೊಟ್ಟೆ. ಅವತ್ತಿಂದ ಕುರ್ಚಿಗೆ ಮುಂಚೆ ಒಂದು ಬಾಳೆಹಣ್ಣು ಕಡ್ಡಾಯ.

ವಾಂತಿ ಜಾಸ್ತಿ ಇರೋರಿಗೆ, ವಾಂತಿಯಾದ ತಕ್ಷಣ ಬ್ರಷ್ ಬೇಡ, ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ ಅಂತ ಹೇಳಿ ಪೊಟ್ಟಣ ಕಟ್ಟಿ ಕೊಟ್ಟೆ. ಮುಂದಿನ ತಿಂಗಳು ಕೇಳಿದರೆ ಅರ್ಧ ಜನ ಬಜ್ಜಿಗೆ ಹಾಕಿದ್ದರು! ಈಗ ಪೊಟ್ಟಣದಲ್ಲಿ ಚೂರು ಪುದೀನ ಪುಡಿ ಸೇರಿಸ್ತೀನಿ, ಅಡುಗೆಮನೆಗೆ ಹೋಗಲ್ಲ.

ಒಬ್ಬರಿಗೆ ಸಾಮಾನಿನ ಖರ್ಚು ಅಂದಾಜು 70 ರೂಪಾಯಿ. ಮೊದಲ ವರ್ಷ ಕೈಯಿಂದ ನಲವತ್ತು ಸಾವಿರ ಹೋಯಿತು. ಈಗ ಊರಿನ ಅಡಿಕೆ ಮಂಡಿಯವರೊಬ್ಬರು ಅರ್ಧ ಕೊಡುತ್ತಾರೆ. ಅವರ ಸೊಸೆ ಹಲ್ಲುನೋವಿನಲ್ಲಿ ಮೂರು ರಾತ್ರಿ ಕೂತಿದ್ದಳು, ಅದಕ್ಕೆ.

ಸೋತಿರೋದು ಹೆರಿಗೆ ಆದಮೇಲೆ. ರೂಟ್ ಕೆನಾಲ್ ಆಮೇಲೆ ಮಾಡೋಣ ಅಂತ ಮುಂದಕ್ಕೆ ಹಾಕಿದ ಮೂವತ್ತು ಜನರಲ್ಲಿ ವಾಪಸ್ ಬಂದವರು ನಾಲ್ಕೋ ಐದೋ. ಒಂದೂವರೆ ತಿಂಗಳಿಗೆ ಕೂಸಿಗೆ ಲಸಿಕೆ ಹಾಕಿಸೋಕೆ ಬರ್ತಾರಲ್ವಾ, ಕುರ್ಚಿ ಅಲ್ಲಿಗೂ ಹೊತ್ತುಕೊಂಡು ಹೋಗ್ತಿದ್ದೀನಿ. ಎರಡು ವಾರ ಆಯ್ತು. ತಾಯಿ ಬಾಯಿ ತೆರೆದಾಗ ಕೂಸನ್ನು ಎತ್ತಿಕೊಳ್ಳೋರು ಯಾರು ಅನ್ನೋದೇ ಸದ್ಯದ ತೊಡಕು. ಹೋದ ವಾರ ನಾನೇ ಎತ್ತಿಕೊಂಡಿದ್ದೆ, ಕೆಲಸ ಆಗಲಿಲ್ಲ.