ಹಬ್ಬಕ್ಕೆ ನಾಲ್ಕು ನಾಯಿ, ಜೊತೆಗೊಂದು ಪಳಗದ ಕುದುರೆ

ದೀಪಾವಳಿ ಬಂತೆಂದರೆ ಹೆಸರಘಟ್ಟದ ನಮ್ಮ ತೋಟ ನಾಯಿಗಳ ಛತ್ರವಾಗುತ್ತದೆ. ಊರಿಗೆ ಹೋಗುವವರು, ಟೂರ್ ಹೋಗುವವರು, ಎಲ್ಲರದ್ದೂ ಒಂದೇ ಮಾತು: "ನಿಮ್ಮಲ್ಲಿ ಹೇಗೂ ಜಾಗ ಇದೆ ಅಲ್ವಾ ಅಕ್ಕ?" ಹೋದ ವರ್ಷ ನಮ್ಮ ಕರಿಯನ ಜೊತೆಗೆ ಇನ್ನೂ ಮೂರು ಬಂದವು. ತಂಗಿ ಮಗಳ ಬೀಗಲ್, ಗೆಳತಿಯ ಲ್ಯಾಬ್, ಪಕ್ಕದ ಲೇಔಟಿನವರು ಸಾಕಿಕೊಂಡ ಒಂದು ಬೀದಿನಾಯಿ. ಲಾಯದಲ್ಲಿ ಚುಕ್ಕಿ ಇದ್ದಳು. ನಾಲ್ಕು ವರ್ಷದ ಹೆಣ್ಣು ಕುದುರೆ, ರೇಸ್ ಬಿಟ್ಟು ಬಂದು ಆಗ ಎರಡೇ ತಿಂಗಳು.

ರೇಸ್ ಓಡಿದ ಕುದುರೆಗೆ ಇನ್ನೇನು ಕಲಿಸುವುದು ಎಂದು ನಾನೂ ಅಂದುಕೊಂಡಿದ್ದೆ. ಅದಕ್ಕೆ ಗೊತ್ತಿರುವುದು ಓಡುವುದು ಮಾತ್ರ. ಲಗಾಮು ಬಿಗಿ ಹಿಡಿದರೆ ನಿಲ್ಲುವುದಿಲ್ಲ, ಅದಕ್ಕೇ ಒರಗಿಕೊಂಡು ಇನ್ನೂ ಜೋರಾಗಿ ಹೋಗುತ್ತದೆ. ಯಲಹಂಕದ ವಾಯುಪಡೆ ವಿಮಾನಗಳು ತಲೆ ಮೇಲೆ ಗುಡುಗಿದರೂ ಚುಕ್ಕಿ ಕಿವಿ ಆಡಿಸುವುದಿಲ್ಲ. ಬೇಲಿಗೆ ಸಿಕ್ಕಿಕೊಂಡ ಹಾಲಿನ ಕವರ್ ಕಂಡರೆ ಮಾತ್ರ ನಾಲ್ಕು ಹೆಜ್ಜೆ ಹಾರುತ್ತಾಳೆ.

ಮನೆ ತುಂಬ ನಾಯಿ ಇರುವ ಆ ಎರಡು ವಾರ ಕುದುರೆಗೆ ಹೊಸ ಪಾಠ ಬೇಡ. ಸವಾರಿಯಂತೂ ಬೇಡವೇ ಬೇಡ. ಒಂದೇ ಒಂದು ಕಲಿಸಿ: ಸುಮ್ನೆ ನಿಲ್ಲುವುದು. ನಾಯಿ ಬೊಗಳಿದಾಗ, ಪಟಾಕಿ ಸಿಡಿದಾಗ, ಗೇಟು ತೆರೆದಾಗ ನಿಮಗೆ ಬೇಕಾಗುವುದು ಅದೇ.

ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಪಟ್ಟಿ) ಹಾಕಿ, ಹತ್ತು ಹನ್ನೆರಡು ಅಡಿ ಹಗ್ಗ ಹಿಡಿಯಿರಿ. ಭುಜದ ಪಕ್ಕ ನಿಲ್ಲಿ. ಕುದುರೆಗೆ ಹಣೆಯ ನೇರ ಮುಂದೆ ಇರುವುದೂ ಬಾಲದ ನೇರ ಹಿಂದೆ ಇರುವುದೂ ಕಾಣುವುದಿಲ್ಲ. "ನಿಲ್ಲು" ಎಂದು ಹೇಳಿ ಒಂದು ಹೆಜ್ಜೆ ದೂರ ಸರಿಯಿರಿ. ಅದು ಹಿಂದೆಯೇ ಬಂದರೆ ಬೈಯಬೇಡಿ. ಮೊದಲಿದ್ದ ಜಾಗಕ್ಕೇ ವಾಪಸ್ ನಿಲ್ಲಿಸಿ. ನಾಲ್ಕೂ ಕಾಲು ಊರಿದ ಕ್ಷಣ ಹಗ್ಗ ಸಡಿಲ ಬಿಡಿ. ನಾನು ತಪ್ಪುತ್ತಿದ್ದದ್ದು ಇಲ್ಲೇ. ಅವಳು ನಿಂತ ಮೇಲೂ ಭಯಕ್ಕೆ ಹಗ್ಗ ಎಳೆದುಕೊಂಡೇ ಇರುತ್ತಿದ್ದೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ತಾತ ಮೂರು ದಿನ ನೋಡಿ, "ಅವ್ಳು ನಿಂತವ್ಳೆ ಕಣಮ್ಮ, ನೀವೇ ನಿಂತಿಲ್ಲ" ಅಂದರು. ಬಿಗಿ ಸಡಿಲವಾದಾಗ ತಾನು ಏನು ಮಾಡುತ್ತಿತ್ತೋ ಅದನ್ನೇ ಕುದುರೆ ಸರಿ ಎಂದು ಕಲಿಯುತ್ತದೆ. ಎರಡು ಸೆಕೆಂಡು ತಡವಾದರೆ ಬೇರೆಯದೇ ಪಾಠ ಕಲಿತಿರುತ್ತದೆ.

ಮೊದಲ ದಿನ ಮೂರು ಸೆಕೆಂಡು ನಿಂತರೆ ಸಾಕು. ಆಮೇಲೆ ಬ್ರಷ್ ಉಜ್ಜುತ್ತಾ, ಗೊರಸು ಎತ್ತುತ್ತಾ, ಕೊನೆಗೆ ಜೀನು ಬೆನ್ನ ಮೇಲಿಟ್ಟು ತೆಗೆಯುತ್ತಾ ನಿಲ್ಲಿಸಿ. ದಿನಕ್ಕೆ ಹದಿನೈದು ನಿಮಿಷ, ಅದೂ ಬೆಳಗ್ಗೆ, ನಾಯಿಗಳನ್ನು ಒಳಗೆ ಹಾಕಿದ ಮೇಲೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಿಸಿ ಹಿಡಿಯಿರಿ. ಬೀಗಲ್ ಬಂದ ಮೊದಲ ದಿನವೇ ಬಾಗಿಲು ಸರಿಯಾಗಿ ಹಾಕದೆ ಅವನು ಚುಕ್ಕಿಯ ಹಿಂಗಾಲಿನ ಹತ್ತಿರಕ್ಕೆ ನುಗ್ಗಿದ. ಹಗ್ಗ ಎಳೆದುಕೊಂಡು ಹೋಗಿ ನನ್ನ ಅಂಗೈ ಸುಲಿದುಹೋಯಿತು. ವಾರವೆಲ್ಲ ಎಡಗೈಯಲ್ಲೇ ಊಟ.

ಇನ್ನು ನಾಯಿಗಳು. ಹೊಸ ನಾಯಿಯನ್ನು ನೇರ ಗೇಟಿನೊಳಗೆ ಬಿಡಬೇಡಿ. ರಸ್ತೆಯಲ್ಲಿ ಎರಡನ್ನೂ ಒಂದೇ ದಿಕ್ಕಿಗೆ, ಹತ್ತಡಿ ಅಂತರದಲ್ಲಿ ನಡೆಸಿ, ಆಮೇಲೆ ಒಟ್ಟಿಗೆ ಒಳಗೆ ಬನ್ನಿ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆಯುವಾಗ ಒಬ್ಬರಿಗೆ ಆಗದು, ಇನ್ನೊಬ್ಬರು ಬೇಕು. ಊಟ ಬೇರೆ ಬೇರೆ ಕೋಣೆಯಲ್ಲಿ. ಅವುಗಳ ಮನೆಯ ಆಹಾರವನ್ನೇ ತಂದುಕೊಡಲು ಹೇಳಿ. ಜೊತೆಗೆ ರೇಬೀಸ್ ಲಸಿಕೆಯ ಕಾರ್ಡು, ಒಗೆಯದ ಒಂದು ಹಳೆ ಟವೆಲ್. ಮನೆಯ ವಾಸನೆ ಇದ್ದರೆ ರಾತ್ರಿ ಅಳು ಕಡಿಮೆ.

ಕುದುರೆಯನ್ನು ಮೊದಲು ಬೇಲಿಯಾಚೆಯಿಂದ ತೋರಿಸಿ, ಚೈನ್ ಹಾಕಿ, ಇಪ್ಪತ್ತು ಅಡಿ ದೂರದಲ್ಲಿ. ನಾಯಿ ಕುದುರೆಯನ್ನು ಬಿಟ್ಟು ನಿಮ್ಮ ಮುಖ ನೋಡಿದಾಗ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಲ್ಯಾಬ್ ಎರಡೇ ದಿನದಲ್ಲಿ ಕಲಿತ. ಬೀಗಲ್ ಕೊನೆವರೆಗೂ ಕಲಿಯಲಿಲ್ಲ, ಆದ್ದರಿಂದ ಚೈನ್ ಬಿಚ್ಚಲೇ ಇಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ನಾಯಿಗಳಿಗೆ ಕುದುರೆ ಲದ್ದಿ ಎಂದರೆ ಪ್ರಾಣ. ಕುದುರೆಗೆ ಐವರ್‌ಮೆಕ್ಟಿನ್ ಜಂತುಹುಳದ ಪೇಸ್ಟ್ ಕೊಟ್ಟಿದ್ದರೆ ಆ ಔಷಧಿ ಲದ್ದಿಯಲ್ಲೂ ಬರುತ್ತದೆ. ಕುರಿ ಕಾಯುವ ಕೋಲಿ (Collie) ಜಾತಿಯ ಕೆಲವು ನಾಯಿಗಳಿಗೆ ಅದು ಪ್ರಾಣಕ್ಕೇ ಅಪಾಯ. ನಾಯಿಗಳು ಬರುವುದಿದ್ದರೆ ಪೇಸ್ಟನ್ನು ಹಬ್ಬದ ನಂತರಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಲದ್ದಿಯನ್ನು ಆಗಾಗ ಎತ್ತಿ ಮುಚ್ಚಿಡಿ. ಹಬ್ಬದ ಸಿಹಿಯೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬಂದ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ.

ಪಟಾಕಿ ರಾತ್ರಿ ನಾಯಿಗಳನ್ನು ಕತ್ತಲಾಗುವ ಮೊದಲೇ ಸುತ್ತಾಡಿಸಿ ಒಳಕೋಣೆಗೆ ಹಾಕಿ. ಕುದುರೆ ತನಗೆ ರೂಢಿಯಿರುವ ಜಾಗದಲ್ಲೇ ಇರಲಿ, ಮುಂದೆ ಒಣಹುಲ್ಲು ಧಾರಾಳವಾಗಿರಲಿ. ನಾನೂರೈವತ್ತು ಕಿಲೋ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಬೇಕು. ಗಡಿಬಿಡಿಯಲ್ಲಿ ಹುರುಳಿ, ಬೂಸ ಹೆಚ್ಚು ಸುರಿಯಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ಕೆಟ್ಟರೆ ಜೀವಕ್ಕೇ ಬರುತ್ತದೆ. ಹೊಟ್ಟೆಯತ್ತ ತಿರುಗಿ ನೋಡುವುದು, ಮುಂಗಾಲಿಂದ ನೆಲ ಕೆರೆಯುವುದು, ಮತ್ತೆ ಮತ್ತೆ ಹೊರಳುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಆ ನಂಬರ್ ನಮ್ಮ ಲಾಯದ ಬಾಗಿಲ ಮೇಲೇ ಬರೆದಿದೆ.

ನಾಯಿಗಳನ್ನು ವಾಪಸ್ ಕಳಿಸುವ ಮೊದಲು ಉಣ್ಣಿ ಹುಳ ಹುಡುಕಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆಪಟ್ಟಿಯ ಕೆಳಗೆ. ಬೀಗಲ್ ಕಿವಿಯಲ್ಲಿ ನನಗೆ ಆರು ಸಿಕ್ಕವು. ತಂಗಿ ಮಗಳಿಗೆ ಎರಡು ಎಂದು ಹೇಳಿದ್ದೇನೆ.