ಹತ್ತು ದಿನದ ರೇಟಿಂಗ್: ಹನ್ನೊಂದನೇ ದಿನದ ಬಗ್ಗೆ ಮೊದಲು ಕೇಳಿ

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಪಡೆದವರು, ಮುಂದಿನ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರುವ ಅರ್ಹತೆ), ಕಮರ್ಷಿಯಲ್ (ಸಂಬಳಕ್ಕೆ ಹಾರುವ ಅರ್ಹತೆ), ಮಲ್ಟಿ ಎಂಜಿನ್‌ಗಳನ್ನು ರಜೆ ಹಾಕಿ ಹತ್ತು ದಿನದಂಥ ಅವಸರದ ಕೋರ್ಸ್‌ನಲ್ಲಿ ಒಂದೇ ಏಟಿಗೆ ಮುಗಿಸಲು ಹೊರಟಾಗ ವಿಚಾರಿಸುವುದು ಎರಡೇ ಸಂಗತಿ: ಎಷ್ಟು ದಿನ, ಎಷ್ಟು ಡಾಲರ್. ಕೈಕೊಡುವುದು ಬೇರೆ ಕಡೆ. ಹತ್ತು ದಿನ ಚೆನ್ನಾಗಿಯೇ ಹಾರಿ, ಹನ್ನೊಂದನೇ ದಿನ ಚೆಕ್‌ರೈಡ್ ಎಂಬ ಕೊನೆಯ ಪರೀಕ್ಷೆ ಮಾಡಲು ಎಕ್ಸಾಮಿನರ್ ಸಿಗದೆ ಸೂಟ್‌ಕೇಸ್ ಕಟ್ಟುತ್ತಾರೆ. ಮೂರು ವಾರ ಬಿಟ್ಟು ಬರುವಷ್ಟರಲ್ಲಿ ಪಳಗಿದ ಕೈ ಮರಗಟ್ಟಿರುತ್ತದೆ. ಕಲಿತದ್ದನ್ನೇ ದುಡ್ಡು ಕೊಟ್ಟು ಮತ್ತೆ ಕಲಿಯಬೇಕು.

1. ಯಾವುದಕ್ಕೆ ಅವಸರ ಒಗ್ಗುತ್ತದೆ?

ಮಲ್ಟಿ ಎಂಜಿನ್ ರೇಟಿಂಗ್‌ಗೆ ಧಾರಾಳವಾಗಿ ಒಗ್ಗುತ್ತದೆ. ಇನ್‌ಸ್ಟ್ರುಮೆಂಟ್‌ಗೆ, ತಯಾರಾಗಿ ಹೋದರೆ ಮಾತ್ರ. ಕಮರ್ಷಿಯಲ್‌ನಲ್ಲಿ ಕಸರತ್ತುಗಳನ್ನು ವಾರದಲ್ಲಿ ಕಲಿಯಬಹುದು, ಆದರೆ ಪಾರ್ಟ್ 61ರ (ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ನಿಯಂತ್ರಕರ ನಿಯಮ) ಅಡಿ ಬೇಕಾದ ಹಾರಾಟದ 250 ಗಂಟೆಗಳನ್ನು ಯಾವ ಶಾಲೆಯೂ ಹಿಂಡಿ ಚಿಕ್ಕದು ಮಾಡಲಾರದು. ಮೊದಲ ಸಲ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್‌ಗೆ ಹೋಗುವವರಿಗೆ ಈ ದಾರಿಯೇ ಬೇಡ. ಪಾಠದ ಟಿಪ್ಪಣಿಗಳನ್ನು ಮನೆಯಲ್ಲಿ ಕೂತು ನೀವೇ ಬರೆಯಬೇಕು, ಅದಕ್ಕೆ ತಿಂಗಳುಗಳು ಬೇಕು.

2. ಲಾಗ್‌ಬುಕ್ ಬಿಚ್ಚಿ ಕೂರಿ

ಶಾಲೆಗೆ ಫೋನ್ ಮಾಡುವ ಮೊದಲೇ ಹಾರಿದ ಗಂಟೆಗಳ ಲೆಕ್ಕ ಹಾಕಿ. ಪಾರ್ಟ್ 61ರಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತವರು) ಆಗಿ 50 ಗಂಟೆ ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ಹಾರಾಟ, ಬೇಕು. ಹೊರಟಲ್ಲಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿ ದಾಟಿದ ಕಡೆ ಇಳಿದ ಹಾರಾಟಗಳಷ್ಟೇ ಇಲ್ಲಿ ಲೆಕ್ಕಕ್ಕೆ. ಕಮರ್ಷಿಯಲ್‌ಗೆ ಬೇಕಾದ 300 ನಾಟಿಕಲ್ ಮೈಲಿಯ ಒಂದು ಹಾರಾಟದಲ್ಲಿ ಎಡವುವವರು ಬಹಳ: ಮೂರು ಕಡೆ ಇಳಿಯಬೇಕು, ಅದರಲ್ಲಿ ಒಂದು ಹೊರಟಲ್ಲಿಂದ ನೇರವಾಗಿ 250 ಮೈಲಿ ಇರಬೇಕು. ಒಟ್ಟು 320 ಮೈಲಿ ಹಾರಿ, ತೀರಾ ದೂರದ ನಿಲ್ದಾಣವೇ 240 ಮೈಲಿಯಲ್ಲಿದ್ದರೆ ಎಕ್ಸಾಮಿನರ್ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ, ಓರಲ್ (ಬಾಯಿ ಪರೀಕ್ಷೆ) ಶುರುವೇ ಆಗುವುದಿಲ್ಲ.

ಲಿಖಿತ ಪರೀಕ್ಷೆ ಮುಗಿಸಿಯೇ ಹೋಗಿ. ಅಲ್ಲಿ ಹೋಗಿ ಓದುತ್ತೇನೆ ಎನ್ನುವವರಿಗೆ ಹಾರಾಟವೂ ಓದೂ ಎರಡೂ ಅರೆಬರೆ ಆಗುತ್ತವೆ.

ಊರಿಗೆ ಮರಳಿ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ) ಲೈಸೆನ್ಸ್ ಮಾಡಿಸುವ ಯೋಚನೆಯಿದ್ದರೆ ಇನ್ನೊಂದು ಲೆಕ್ಕವಿದೆ. ಪಾರ್ಟ್ 141 (ಎಫ್‌ಎಎ ಪಠ್ಯಕ್ರಮ ಒಪ್ಪಿದ) ಶಾಲೆಯಲ್ಲಿ 190 ಗಂಟೆಗೇ ಎಫ್‌ಎಎ ಕಮರ್ಷಿಯಲ್ ಸಿಗಬಹುದು, ಡಿಜಿಸಿಎ ಕೇಳುವುದು 200. ಕೊರತೆಯ ಹತ್ತು ಗಂಟೆಯನ್ನು ಅಲ್ಲೇ ತುಂಬಿಸಿಕೊಳ್ಳಿ. ಒಬ್ಬರು ಹೊರಗೆ ನೋಡದೆ ಉಪಕರಣದಲ್ಲಿ ಹಾರುವಾಗ ಇನ್ನೊಬ್ಬರು ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಆಗಿ, ಇಬ್ಬರೂ ಒಂದೇ ಹಾರಾಟವನ್ನು ಬರೆದುಕೊಳ್ಳುವ ಅಗ್ಗದ ಪ್ಯಾಕೇಜ್‌ಗಳಿವೆ. ಭಾರತದ ಲೈಸೆನ್ಸ್‌ಗೆ ಆ ಗಂಟೆಗಳನ್ನು ನೆಚ್ಚಿಕೊಳ್ಳಬೇಡಿ.

3. ಅನುಮತಿ

ಅಮೆರಿಕದ ಪ್ರಜೆಯಲ್ಲದವರಿಗೆ, ಗ್ರೀನ್ ಕಾರ್ಡ್ ಇದ್ದರೂ, ಇನ್‌ಸ್ಟ್ರುಮೆಂಟ್ ಮತ್ತು ಮಲ್ಟಿ ಎಂಜಿನ್ ತರಬೇತಿಗೆ ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಒಪ್ಪಿಗೆ ಬೇಕು. ಟೂರಿಸ್ಟ್ ವೀಸಾದಲ್ಲಿ ಕಲಿಯುವಂತಿಲ್ಲ. "ಪರವಾಗಿಲ್ಲ, ಬನ್ನಿ" ಎನ್ನುವ ಶಾಲೆಗೆ ಅಲ್ಲಿಗೇ ಕೈಮುಗಿಯಿರಿ.

4. ಫೋನಿನಲ್ಲಿ ಕೇಳಬೇಕಾದ್ದು

ಇದೇ ನಿಜವಾದ ಆಯ್ಕೆ. ಎಕ್ಸಾಮಿನರ್ ಶಾಲೆಯ ನೌಕರರಲ್ಲ. ಎಫ್‌ಎಎ ನೇಮಿಸಿದ ಖಾಸಗಿ ವ್ಯಕ್ತಿ. ಅವರ ಶುಲ್ಕ ಬೇರೆ, ಡೈರಿಯೂ ಬೇರೆ. ಎಷ್ಟೋ ಕಡೆ ಆ ಡೈರಿ ವಾರಗಟ್ಟಲೆ ಭರ್ತಿ. ಆದ್ದರಿಂದ "ಎಕ್ಸಾಮಿನರ್ ಇದ್ದಾರಾ?" ಎಂದು ಕೇಳಬೇಡಿ, ಯಾರಾದರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿ: "ನಾನು ಬರುವ ಮೊದಲೇ ನನ್ನ ಹೆಸರಿಗೆ ದಿನಾಂಕ ಗೊತ್ತಾಗಿರುತ್ತದಾ? ಯಾವ ದಿನ? ಮೋಡ ಕವಿದು ಅಂದು ಆಗದಿದ್ದರೆ ಮುಂದಿನ ದಿನ ಯಾವುದು?" ಮೂರನೇ ಪ್ರಶ್ನೆಗೆ ತಡವರಿಸಿದರೆ ಆ ಶಾಲೆ ಬಿಡಿ. ಕೆಲವು ಪಾರ್ಟ್ 141 ಶಾಲೆಗಳಿಗೆ ಸ್ವತಃ ಪರೀಕ್ಷೆ ನಡೆಸುವ ಅಧಿಕಾರವಿದೆ. ಅಂಥದ್ದು ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ.

ಹಾಗೆಂದು ದಿನಾಂಕದ ಹಂಗಿಗೆ ಬಿದ್ದು ತಯಾರಿಲ್ಲದೆ ಪರೀಕ್ಷೆಗೆ ಕೂರಬೇಡಿ. ಫೇಲಾದ ನೋಟಿಸ್ ದಾಖಲೆಯಲ್ಲಿ ಉಳಿಯುತ್ತದೆ, ಏರ್‌ಲೈನ್‌ನವರು ನೋಡುತ್ತಾರೆ. ಹವಾಮಾನದಿಂದ ಅರ್ಧಕ್ಕೆ ನಿಂತರೆ ಸಿಗುವ ಡಿಸ್‌ಕಂಟಿನ್ಯುಯನ್ಸ್ ಪತ್ರ ಫೇಲ್ ಅಲ್ಲ. 60 ದಿನದೊಳಗೆ ಬಂದು ಉಳಿದ ಭಾಗ ಮುಗಿಸಬಹುದು.

ಮುಂದಿನ ಪ್ರಶ್ನೆ ಇನ್‌ಸ್ಟ್ರಕ್ಟರ್ ಬಗ್ಗೆ. ಮೊದಲ ದಿನದಿಂದ ಕೊನೆಯವರೆಗೆ ಒಬ್ಬರೇ ಇರಬೇಕು, ಅವರಿಗೆ ಆ ದಿನಗಳಲ್ಲಿ ಬೇರೆ ವಿದ್ಯಾರ್ಥಿ ಇರಬಾರದು. ನಿಯಮದ ಪ್ರಕಾರ ಯಾವುದೇ 24 ಗಂಟೆಯಲ್ಲಿ ಅವರು 8 ಗಂಟೆಗಿಂತ ಹೆಚ್ಚು ಹಾರಾಟ ಕಲಿಸುವಂತಿಲ್ಲ. ಮೂವರು ಹಂಚಿಕೊಂಡರೆ ನಿಮಗೆ ಉಳಿಯುವುದೆಷ್ಟು?

ಸಿಮ್ಯುಲೇಟರ್ ಯಾವ ದರ್ಜೆಯದು ಎಂದೂ ಕೇಳಿ. ಪಾರ್ಟ್ 61 ಇನ್‌ಸ್ಟ್ರುಮೆಂಟ್‌ನಲ್ಲಿ ಅಡ್ವಾನ್ಸ್‌ಡ್ ದರ್ಜೆಯದರಲ್ಲಿ 20 ಗಂಟೆ ಲೆಕ್ಕಕ್ಕೆ ಬರುತ್ತದೆ, ಬೇಸಿಕ್ ದರ್ಜೆಯದರಲ್ಲಿ 10 ಮಾತ್ರ. ಎಫ್‌ಎಎ ಕೊಟ್ಟ ಅನುಮತಿ ಪತ್ರದ ಪ್ರತಿ ತರಿಸಿಕೊಳ್ಳಿ.

5. ವಿಮಾನ

ನೀವು ಕಲಿಯುವ ಮಾದರಿಯದು ಎರಡು ಇರಲೇಬೇಕು. ಒಂದು 100 ಗಂಟೆಯ ತಪಾಸಣೆಗೆ ನಿಂತರೆ ಇನ್ನೊಂದು ಏರಬೇಕು. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ. ನಿಲ್ಲಿಸಿದ ವಿಮಾನದ ಪ್ರೊಪೆಲ್ಲರ್ ಬುಡದಲ್ಲಿ ಜೇಡರ ಬಲೆ, ಕುಸಿದ ಟೈರು, ಗಾಜಿನ ಮೇಲೆ ದಪ್ಪ ಧೂಳು ಕಂಡರೆ ಅದು ಲೆಕ್ಕಕ್ಕಷ್ಟೇ ಇರುವ ವಿಮಾನ. ದೂರುಗಳ ಪುಸ್ತಕ ಕೇಳಿ. ಒಂದೇ ರೇಡಿಯೊ ತೊಂದರೆ ಮೂರು ಸಲ ಬರೆದಿದ್ದರೆ, ಬರೆಯುತ್ತಾರೆ, ರಿಪೇರಿ ಮಾಡುವುದಿಲ್ಲ ಎಂದರ್ಥ. ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ವಿಮಾನದ ಗುರುತು ಹೇಳುವ ಸಾಧನ), ಪೀಟೋ ಸ್ಟ್ಯಾಟಿಕ್ (ವೇಗ, ಎತ್ತರ ಅಳೆಯುವ ವ್ಯವಸ್ಥೆ) ತಪಾಸಣೆಗಳ 24 ತಿಂಗಳ ಗಡುವು ನಿಮ್ಮ ಚೆಕ್‌ರೈಡ್‌ಗೆ ಮುಂಚೆ ಮುಗಿಯುತ್ತದೆಯೇ ನೋಡಿ.

ಮನೆಯಲ್ಲಿ ಹಾರಿಸುವುದು ಹಳೆಯ ಆರು ಗಡಿಯಾರದ ಸೆಸ್ನಾ, ಅಲ್ಲಿರುವುದು ಪರದೆಗಳ ಗಾರ್ಮಿನ್ ಜಿ1000 ಆದರೆ ಮೊದಲ ಮೂರು ದಿನ ಗುಂಡಿ ಒತ್ತುವುದರಲ್ಲೇ ಹೋಗುತ್ತವೆ. ಕಂಪ್ಯೂಟರ್‌ನಲ್ಲಿ ಅಭ್ಯಾಸ ಮಾಡಿ ಹೋಗಿ. ಕಮರ್ಷಿಯಲ್‌ಗೆ ಚಕ್ರ ಮಡಚುವ ಹಳೆಯ ವಿಮಾನವೇ ಬೇಕೆಂದು ಹೇಳಿ ದುಡ್ಡು ಕೀಳುವವರ ಮಾತು ಕೇಳಬೇಡಿ. ಅಂಥ ವಿಮಾನದಲ್ಲಿ ಬೇಕಿದ್ದ 10 ಗಂಟೆಗಳ ತರಬೇತಿಯನ್ನು 2018ರಿಂದ ಗಾಜಿನ ಪರದೆ, ಆಟೊಪೈಲಟ್ ಇರುವ ಟಿಎಎ ವಿಮಾನದಲ್ಲಿ ಮಾಡಬಹುದು.

6. ಊರು ಮತ್ತು ತಿಂಗಳು

ಅರಿಜೋನಾದ ನೀಲಿ ಆಕಾಶ ಕಮರ್ಷಿಯಲ್‌ಗೆ ಹೇಳಿ ಮಾಡಿಸಿದ್ದು. ಅಲ್ಲಿ ಇನ್‌ಸ್ಟ್ರುಮೆಂಟ್ ಮಾಡಿದರೆ ಮೋಡದೊಳಗೆ ಒಮ್ಮೆಯೂ ಹೋಗದೆ ರೇಟಿಂಗ್ ಕೈಗೆ ಬರುತ್ತದೆ, ಅದು ಒಳ್ಳೆಯದಲ್ಲ. ಮೇ, ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಗೆ ಹೋಗಿ. ಕಡಲಿಂದ ಬರುವ ಆ ತಗ್ಗು ಮೋಡದಲ್ಲಿ ಹಿಮವಿಲ್ಲ, ಕುಲುಕಾಟವಿಲ್ಲ. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ದಿನದ ಅರ್ಧ ತಿನ್ನುತ್ತದೆ. ಉತ್ತರದ ರಾಜ್ಯಗಳ ಚಳಿಗಾಲ ಬೇಡವೇ ಬೇಡ, ರೆಕ್ಕೆಗೆ ಮಂಜು ಕಟ್ಟಿದರೆ ಈ ಪುಟ್ಟ ವಿಮಾನಗಳಲ್ಲಿ ಕರಗಿಸುವ ಸಾಧನವಿಲ್ಲ.

7. ಹಣ

ಪೂರ್ತಿ ಹಣ ಮುಂಗಡ ಕೊಡಬೇಡಿ, ಎಷ್ಟೇ ರಿಯಾಯಿತಿ ತೋರಿಸಲಿ. 2008ರ ಫೆಬ್ರುವರಿಯಲ್ಲಿ ನೆವಾಡದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ದಿಢೀರನೆ ಬಾಗಿಲು ಹಾಕಿದಾಗ, ಸಾಲ ಮಾಡಿ ಮುಂಗಡ ಕಟ್ಟಿದ್ದ ವಿದ್ಯಾರ್ಥಿಗಳ ಕೈಯಲ್ಲಿ ತರಬೇತಿಯೂ ಉಳಿಯಲಿಲ್ಲ, ಹಣವೂ ಉಳಿಯಲಿಲ್ಲ. ಹಾರಿದಷ್ಟಕ್ಕೆ ಕೊಡುತ್ತೇನೆ ಎನ್ನಿ, ಹೆಚ್ಚೆಂದರೆ ಮೂರು ದಿನದ ಠೇವಣಿ ಇಡಿ. ಗಂಟೆಯ ದರದಲ್ಲಿ ಇಂಧನ ಸೇರಿದೆಯೇ, ಲೆಕ್ಕ ಹಾಬ್ಸ್ ಮೀಟರಿನದೋ (ಗಡಿಯಾರದ ಸಮಯ) ಟ್ಯಾಕೊಮೀಟರಿನದೋ (ಎಂಜಿನ್ ತಿರುಗುವ ವೇಗಕ್ಕೆ ತಕ್ಕ ಸಮಯ), ಹನ್ನೊಂದನೇ ದಿನದಿಂದ ದರವೆಷ್ಟು, ಎಕ್ಸಾಮಿನರ್ ಬಾರದಿದ್ದರೆ ಮರುಪ್ರಯಾಣದ ಅಭ್ಯಾಸ ಹಾರಾಟಕ್ಕೆ ಯಾರು ಕೊಡುತ್ತಾರೆ, ಈ ನಾಲ್ಕೂ ಒಪ್ಪಂದದಲ್ಲಿ ಬರಹದಲ್ಲಿರಲಿ. ಬಾಯಿಮಾತಿಗೆ ಟಿಕೆಟ್ ಬುಕ್ ಮಾಡಬೇಡಿ.